ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಮಿಸ್ ಹೊಡೀತಿದೆ, ಪ್ಲಗ್ ಹೊಸದು. ಇನ್ನೇನು ನೋಡಲಿ?

ಸ್ಟೆಪ್ನಿ:

ನಮಸ್ಕಾರ. ನನ್ನದು 2003ರ ಪೆಟ್ರೋಲ್ ಕಾರು. 1.3 ಲೀಟರ್, ನಾಲ್ಕು ಸಿಲಿಂಡರ್, ಮಲ್ಟಿ ಪಾಯಿಂಟ್ ಇಂಜೆಕ್ಷನ್. ಡಿಸ್ಟ್ರಿಬ್ಯೂಟರ್ ಇಲ್ಲ. ಒಂದೇ ಡಬ್ಬಿಯೊಳಗೆ ಎರಡು ಕಾಯಿಲ್, ಅದರಿಂದ ನಾಲ್ಕು ಪ್ಲಗ್ ವೈರ್ ಹೊರಡುತ್ತವೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ತೊಂದರೆ ಇಲ್ಲ, ಚೆನ್ನಾಗಿ ನಿಲ್ಲುತ್ತೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೆ ಶುರು. ಐಡ್ಲಿಂಗ್ 750 ಆರ್‌ಪಿಎಂ ಆಸುಪಾಸಿನಲ್ಲೇ ಇರುತ್ತೆ, ಆದರೆ ಇಂಜಿನ್ ಧಡ್ ಧಡ್ ಅಂತ ಅಲ್ಲಾಡುತ್ತೆ, ಸ್ಟೇರಿಂಗ್‌ವರೆಗೂ ಗೊತ್ತಾಗುತ್ತೆ. ಸೈಲೆನ್ಸರ್ ಹತ್ತಿರ ನಿಂತರೆ ಪುಸ್ ಪುಸ್ ಪುಸ್, ನಡುವೆ ಒಂದು ಖಾಲಿ. ಎಸಿ ಹಾಕಿದರೆ ಇನ್ನೂ ಜಾಸ್ತಿ, ಒಂದೊಂದು ಸಲ ಆಫ್ ಆಗೋ ಹಾಗೆ ಮಾಡುತ್ತೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ 2000 ದಾಟಿಸಿದರೆ ಎಲ್ಲ ಸರಿ. ಹೈವೇಯಲ್ಲಿ ಕಂಪ್ಲೇಂಟೇ ಇಲ್ಲ.

ಚೆಕ್ ಇಂಜಿನ್ ಲೈಟ್ ಬಂದಿದೆ. ಸ್ಕ್ಯಾನರ್ ಹಾಕಿದರೆ ಪಿ0303 (ಮೂರನೇ ಸಿಲಿಂಡರ್ ಉರಿಯದೆ ಮಿಸ್), ಒಂದೊಂದು ಸಲ ಜೊತೆಗೆ ಪಿ0300 (ಯಾವ ಸಿಲಿಂಡರ್ ಅಂತಿಲ್ಲದ ಮಿಸ್). ಪ್ಲಗ್ ನಾಲ್ಕೂ ಹೊಸದು, ಏರ್ ಫಿಲ್ಟರ್ ಹೊಸದು, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ದೇನೆ. ವ್ಯತ್ಯಾಸ ಏನೂ ಇಲ್ಲ. ಒಬ್ಬರು ಇಂಜೆಕ್ಟರ್ ಅಂತಾರೆ, ಇನ್ನೊಬ್ಬರು ಇಸಿಯುನೇ (ಇಂಜಿನ್ ಕಂಪ್ಯೂಟರ್) ಹೋಗಿದೆ ಅಂತಾರೆ. ಸಾಮಾನು ತರೋಕೆ ಮುಂಚೆ ಏನು ನೋಡಬೇಕು ಹೇಳಿ. ಕೈಯಲ್ಲಿ ಸ್ಕ್ಯಾನರ್, ಮಲ್ಟಿಮೀಟರ್, ಸ್ಪ್ಯಾನರ್ ಸೆಟ್ ಇದೆ. ಕೆಲಸ ಮಾಡೋಕೆ ಬೇಜಾರಿಲ್ಲ.

ಫುಲ್ ಥ್ರಾಟಲ್:

ಕಾಯಿಲ್ ಸರ್. ಬಿಸಿಯಾದ ಮೇಲೆ ಮಿಸ್ ಅಂದರೆ ಕಾಯಿಲೇ. ಒಳಗಿನ ವೈಂಡಿಂಗ್ ಬಿಸಿಗೆ ಬಿಟ್ಟುಕೊಳ್ಳುತ್ತೆ. ಹೊಸದು ಹಾಕಿಬಿಡಿ, ತಲೆನೋವು ಹೋಗುತ್ತೆ.

ಗ್ರೀಸ್ ಕೈ:

ಸ್ಟೆಪ್ನಿಯವರೇ, ಏನನ್ನೂ ತರಬೇಡಿ. ಇಸಿಯು ಅಂದವರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ಇಸಿಯು ಕೆಡೋದೇ ಇಲ್ಲ ಅಂತಲ್ಲ, ಆದರೆ ಅದು ಸರದಿಯಲ್ಲಿ ಕೊನೇದು.

ಫುಲ್ ಥ್ರಾಟಲ್ ಹೇಳಿದ್ದು ಪೂರ್ತಿ ತಪ್ಪಲ್ಲ, ಕಾಯಿಲ್ ಬಿಸಿಗೆ ಕೈಕೊಡೋದು ನಿಜ. ಆದರೆ ಈ ಗಾಡಿಯ ಕಾಯಿಲ್ ಡಬ್ಬಿ ಹೇಗೆ ಕೆಲಸ ಮಾಡುತ್ತೆ ನೋಡಿ. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಪ್ಲಗ್ ಒಟ್ಟಿಗೇ ಕಿಡಿ ಹಾರಿಸುತ್ತವೆ, ಒಂದು ಕೆಲಸಕ್ಕೆ ಬರುತ್ತೆ, ಇನ್ನೊಂದು ಎಕ್ಸಾಸ್ಟ್ ಸ್ಟ್ರೋಕ್‌ನಲ್ಲಿ ಸುಮ್ಮನೆ ಹೋಗುತ್ತೆ. ಕಾಯಿಲ್ ಒಳಗೇ ಸತ್ತಿದ್ದರೆ 2 ಮತ್ತು 3 ಎರಡೂ ಬೀಳಬೇಕಿತ್ತು. ನಿಮಗೆ ಪಿ0303 ಮಾತ್ರ ಬರ್ತಿದೆ, ಪಿ0302 ಇಲ್ಲ. ಉಳಿಯೋದು ಕಾಯಿಲ್‌ನ ಮೂರನೇ ಬಾಯಿ ಬಿರುಕು ಬಿಟ್ಟು ಕಿಡಿ ಹೊರಗೆ ಸೋರೋದು, ಇಲ್ಲವೇ ವೈರ್.

ಇದನ್ನು ಪತ್ತೆ ಹಚ್ಚೋಕೆ ಕಾಸು ಬೇಡ. ಇಂಜಿನ್ ಆಫ್ ಮಾಡಿ, 2 ಮತ್ತು 3ರ ವೈರ್‌ಗಳನ್ನು ಕಾಯಿಲ್ ಕಡೆ ಅದಲು ಬದಲು ಮಾಡಿ. ಎರಡೂ ಒಟ್ಟಿಗೇ ಕಿಡಿ ಹಾರಿಸೋದರಿಂದ ಇಂಜಿನ್‌ಗೆ ಏನೂ ಗೊತ್ತಾಗಲ್ಲ, ಮೊದಲಿನ ಹಾಗೇ ಓಡುತ್ತೆ. ಮಿಸ್ 2ಕ್ಕೆ ಹೋದರೆ ಕಾಯಿಲ್ ಬಾಯಿ. 3ರಲ್ಲೇ ಉಳಿದರೆ ಕಾಯಿಲ್ ಬಚಾವ್. 1 ಮತ್ತು 3ನ್ನು ಮಾತ್ರ ಬದಲಾಯಿಸಬೇಡಿ, ಟೈಮಿಂಗ್ ಅಡ್ಡಾದಿಡ್ಡಿಯಾಗುತ್ತೆ.

ಆಮೇಲೆ 3ರ ಪ್ಲಗ್ ಮತ್ತು ಇನ್ನೊಂದರ ಪ್ಲಗ್ ಬದಲಾಯಿಸಿ ನೋಡಿ. ಹೊಸ ಪ್ಲಗ್ ಅಂದ ಮಾತ್ರಕ್ಕೆ ಒಳ್ಳೆಯ ಪ್ಲಗ್ ಅಲ್ಲ. ಹಾಕುವಾಗ ಕೈತಪ್ಪಿದ್ದರೆ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿರುತ್ತೆ, ಮೇಲಿಂದ ಕೆಳಕ್ಕೆ ಪೆನ್ಸಿಲ್ ಗೀರಿನ ಹಾಗೆ ಕಪ್ಪು ದಾರಿ ಬಿದ್ದಿರುತ್ತೆ. ಪ್ಲಗ್ ಬಾವಿಯಲ್ಲಿ ಆಯಿಲ್ ನಿಂತಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ. ಟ್ಯಾಪೆಟ್ ಕವರ್ ಸೀಲ್ ಸೋರಿ ಅಲ್ಲಿ ಆಯಿಲ್ ತುಂಬಿಕೊಳ್ಳೋದು ಹಳೇ ಗಾಡಿಗಳ ಮಾಮೂಲಿ ಕಾಯಿಲೆ, ಆ ಆಯಿಲ್ ವೈರ್‌ನ ರಬ್ಬರ್ ಬೂಟ್ ತಿಂದುಹಾಕುತ್ತೆ.

ಇಂಜೆಕ್ಟರ್ ಬಗ್ಗೆ: ಉದ್ದ ಸ್ಕ್ರೂಡ್ರೈವರ್ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಡಿ. ನಾಲ್ಕೂ ಒಂದೇ ಥರ ಟಕ್ ಟಕ್ ಅನ್ನಬೇಕು. ಓಮ್ ಅಳೆದರೆ ಈ ಥರದವು ಸಾಮಾನ್ಯವಾಗಿ 12ರಿಂದ 16ರ ಒಳಗಿರುತ್ತವೆ. ಅಂಕಿಗಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನೋದು ಮುಖ್ಯ. ಆದರೆ ಟಕ್ ಅಂದ ಮಾತ್ರಕ್ಕೆ ಪೆಟ್ರೋಲ್ ಸರಿಯಾಗಿ ಚಿಮ್ಮುತ್ತೆ ಅಂತ ಅಲ್ಲ, ಅನುಮಾನ ಇದ್ದರೆ ಅದನ್ನೂ ಪಕ್ಕದ್ದರ ಜೊತೆ ಬದಲಾಯಿಸಿ ನೋಡಬೇಕು.

ಇದೆಲ್ಲಕ್ಕಿಂತ ಮೊದಲು ಇಂಜಿನ್ ಬಿಸಿಯಿದ್ದು ಮಿಸ್ ಹೊಡೆಯುವಾಗ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಿತ್ತು ಹಾಕಿ. ಒಳ್ಳೆಯ ಸಿಲಿಂಡರ್‌ನದು ಕಿತ್ತ ತಕ್ಷಣ ಇಂಜಿನ್ ಕುಸಿಯುತ್ತೆ. ಕೆಟ್ಟದ್ದರದು ಕಿತ್ತರೆ ಏನೂ ಆಗಲ್ಲ. ಕಿತ್ತ ಆ ಕ್ಷಣದಲ್ಲೇ ಕಿವಿಗೊಡಿ, ಯಾಕಂದರೆ ಇಸಿಯು ಗಾಳಿ ಜಾಸ್ತಿ ಬಿಟ್ಟು ಆರ್‌ಪಿಎಂ ಮತ್ತೆ ಎತ್ತಿಕೊಂಡುಬಿಡುತ್ತೆ. ಓಡುತ್ತಿರೋ ಇಂಜಿನ್‌ನಲ್ಲಿ ಪ್ಲಗ್ ವೈರ್ ಕಿತ್ತು ನೋಡೋ ಹಳೇ ಅಭ್ಯಾಸ ಬೇಡ. ಶಾಕ್ ಹೊಡೆಯುತ್ತೆ, ಕಾಯಿಲ್‌ಗೂ ಪೆಟ್ಟು, ಉರಿಯದ ಪೆಟ್ರೋಲ್ ನೇರ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತೆ.

ಚೆಕ್ ಲೈಟ್ ಸುಮ್ಮನೆ ಉರಿಯುತ್ತಾ, ಮಿಣುಕುತ್ತಾ? ಮಿಣುಕಿದರೆ ಗಾಡಿ ಓಡಿಸಬೇಡಿ. ಆ ಮಟ್ಟದ ಮಿಸ್‌ಗೆ ಕನ್ವರ್ಟರ್ ಒಳಗಿನ ಜಾಲರಿ ಕರಗುತ್ತೆ.

ಇನ್ನೊಂದು ಪ್ರಶ್ನೆ. ಈ ಗಾಡಿಗೆ ಯಾವಾಗಲಾದರೂ ಗ್ಯಾಸ್ ಕಿಟ್ ಹಾಕಿದ್ದರಾ?

ಹೊಗೆಕೊಳವೆ:

ಗ್ರೀಸ್ ಕೈ ಎಲ್ಲ ಹೇಳಿದರು, ಗಾಳಿ ಸೋರೋದು ಬಿಟ್ಟರು. ಐಡ್ಲಿಂಗ್‌ನಲ್ಲಿ ಮಾತ್ರ ಮಿಸ್, 2000 ದಾಟಿದರೆ ಸರಿ ಅಂದರೆ ವ್ಯಾಕ್ಯೂಮ್ ಲೀಕ್ ಲಕ್ಷಣ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯೋ ಗಾಳಿಯೇ ಕಡಿಮೆ, ಹಾಗಾಗಿ ಸೋರಿ ಬರೋ ಗಾಳಿಯ ಪಾಲು ದೊಡ್ಡದು. ವೇಗ ಹೆಚ್ಚಿದ ಮೇಲೆ ಅದೇ ತೂತು ಲೆಕ್ಕಕ್ಕೆ ಬರಲ್ಲ. ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋದು) ಅಂಕಿ ಹಾಕಿ, ಐಡ್ಲಿಂಗ್‌ನಲ್ಲಿ ಒಂದು, 2500ರಲ್ಲಿ ಒಂದು. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಇಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಎಳೆಯೋದು), ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಇಂಟೇಕ್‌ಗೆ ವಾಪಸ್ ಬಿಡೋದು) ಇದ್ದರೆ ಅದು ಮಸಿ ಕಟ್ಟಿ ತೆರೆದೇ ನಿಂತರೂ ಇದೇ ಥರ ಆಗುತ್ತೆ.

ಸ್ಟೆಪ್ನಿ:

ಇಬ್ಬರಿಗೂ ಧನ್ಯವಾದ. ಹೇಳಿದ್ದೆಲ್ಲ ಮಾಡಿದೆ.

ಇಂಜೆಕ್ಟರ್ ಕನೆಕ್ಟರ್: 1, 2, 4 ಕಿತ್ತರೆ ಇಂಜಿನ್ ಕುಸಿಯುತ್ತೆ. 3 ಕಿತ್ತರೆ ಏನೂ ಇಲ್ಲ, ಬಿಸಿಯಿದ್ದಾಗ. ತಣ್ಣಗಿದ್ದಾಗ ಅದೇ 3 ಕಿತ್ತರೆ ಸ್ವಲ್ಪ ಕುಸಿಯುತ್ತೆ! ಇದು ನನಗೆ ಆಶ್ಚರ್ಯ.

ಕಾಯಿಲ್ ಕಡೆ ವೈರ್ ಅದಲು ಬದಲು: ಮಿಸ್ 3ರಲ್ಲೇ ಇದೆ. ವೈರ್ ಓಮ್ ನಾಲ್ಕೂ ಉದ್ದಕ್ಕೆ ತಕ್ಕ ಹಾಗೆ ಇವೆ. ಪ್ಲಗ್ 3 ಮತ್ತು 4 ಬದಲಾಯಿಸಿದೆ, ಆದರೂ 3. ಪ್ಲಗ್ ಬಾವಿ ಒಣಗಿದೆ. ಇಂಜೆಕ್ಟರ್ ಶಬ್ದ ಒಂದೇ ಥರ. ರೈಲ್ ಬಿಚ್ಚಿ 3ನ್ನು 1ಕ್ಕೆ ಹಾಕಿದೆ (ಓ ರಿಂಗ್ ಹೊಸದು ಹಾಕಿ). ಮಿಸ್ 3ರಲ್ಲೇ.

ಟ್ರಿಮ್: ಲಾಂಗ್ ಟರ್ಮ್ ಐಡ್ಲಿಂಗ್‌ನಲ್ಲಿ +9, 2500ರಲ್ಲಿ +1. ಹೊಗೆಕೊಳವೆಯವರು ಹೇಳಿದ ಹಾಗೇ ಕಾಣ್ತಿದೆಯಲ್ಲ? ಪೈಪ್‌ಗಳನ್ನೆಲ್ಲ ಒಂದೊಂದಾಗಿ ಕ್ಲಿಪ್ ಹಾಕಿ ಮುಚ್ಚಿ ನೋಡಿದೆ, ಬದಲಾವಣೆ ಇಲ್ಲ. ಇಜಿಆರ್ ಈ ಇಂಜಿನ್‌ಗೆ ಇಲ್ಲ. ಲೈಟ್ ಮಿಣುಕಲ್ಲ, ಸುಮ್ಮನೆ ಉರಿಯುತ್ತೆ.

ಗ್ಯಾಸ್: ಹೌದು! ನನಗಿಂತ ಮುಂಚಿನವರು ಎಲ್‌ಪಿಜಿ ಹಾಕಿಸಿದ್ದರು, ಆಮೇಲೆ ತೆಗೆಸಿದ್ದಾರೆ. ಇಂಟೇಕ್‌ನಲ್ಲಿ ಮುಚ್ಚಿದ ತೂತಿನ ಗುರುತು ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೊಗೆಕೊಳವೆ:

+9 ಐಡ್ಲಿಂಗ್, +1 ಮೇಲೆ. ನಾನು ಹೇಳಿದ್ದು ಇದನ್ನೇ. ಆ ಮುಚ್ಚಿದ ತೂತಿನಲ್ಲೇ ಸೋರ್ತಿರಬಹುದು ನೋಡಿ.

ಗ್ರೀಸ್ ಕೈ:

ಆ ತೂತು ನೋಡಲಿ, ತಪ್ಪಿಲ್ಲ. ಆದರೆ ಹೊಗೆಕೊಳವೆಯವರೇ, ಈ +9ನ್ನು ನಾನು ನಂಬಲ್ಲ. ಆಕ್ಸಿಜನ್ ಸೆನ್ಸರ್ ಅಳೆಯೋದು ಪೆಟ್ರೋಲ್ ಅಲ್ಲ, ಹೊಗೆಯಲ್ಲಿ ಉಳಿದ ಆಕ್ಸಿಜನ್. ಒಂದು ಸಿಲಿಂಡರ್ ಉರಿಯದೇ ಹೋದರೆ ಅದರ ಗಾಳಿ ಇದ್ದ ಹಾಗೇ ಸೈಲೆನ್ಸರ್‌ಗೆ ಬರುತ್ತೆ. ಸೆನ್ಸರ್‌ಗೆ ಅದು ಪೆಟ್ರೋಲ್ ಕಮ್ಮಿ ಅನ್ನೋ ಹಾಗೆ ಕಾಣುತ್ತೆ, ಇಸಿಯು ಪೆಟ್ರೋಲ್ ಸೇರಿಸುತ್ತೆ, ಟ್ರಿಮ್ ಮೇಲೇರುತ್ತೆ. ಅಂದರೆ ಇಲ್ಲಿ ಮಿಸ್ಸೇ ಟ್ರಿಮ್ ಏರಿಸಿರಬಹುದು. ಇದನ್ನು ಯೋಚಿಸದೆ ಇಲ್ಲದ ಗಾಳಿ ಸೋರಿಕೆ ಹುಡುಕಿಕೊಂಡು ಓಡಾಡೋರು ಬಹಳ ಜನ.

ಇನ್ನೊಂದು, ಈ ಕಾಲದ ಸಣ್ಣ ಇಂಜಿನ್‌ಗಳಲ್ಲಿ ಹೆಚ್ಚಿನವು ಗಾಳಿಯನ್ನು ಮ್ಯಾಪ್ ಸೆನ್ಸರ್‌ನಿಂದ, ಅಂದರೆ ಮ್ಯಾನಿಫೋಲ್ಡ್ ಒತ್ತಡದಿಂದ ಲೆಕ್ಕ ಹಾಕುತ್ತವೆ. ಅಲ್ಲಿ ಹೊರಗಿನ ಗಾಳಿ ಸೋರಿದರೂ ಒತ್ತಡದ ಲೆಕ್ಕಕ್ಕೆ ಸೇರುತ್ತೆ, ಟ್ರಿಮ್‌ಗಿಂತ ಮೊದಲು ಐಡ್ಲಿಂಗ್ ಏರುತ್ತೆ. ಸ್ಟೆಪ್ನಿಯವರದು 750ರಲ್ಲೇ ಕೂತಿದೆ. ಒಂದೇ ಸಿಲಿಂಡರ್‌ಗೆ ಮಾತ್ರ ಗಾಳಿ ಸೋರಬೇಕಾದರೆ ಮೂರನೇ ರನ್ನರ್‌ನ ಗ್ಯಾಸ್ಕೆಟ್‌ನಲ್ಲೇ ಸೋರಬೇಕು. ಆಗಲ್ಲ ಅಂತಲ್ಲ. ನನ್ನ ಮನಸ್ಸು ಮಾತ್ರ ಬೇರೆ ಕಡೆ ಇದೆ.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ 3 ಉರಿಯಲ್ಲ. ಹಾಗಾದರೆ ಅಲ್ಲಿ ಹಿಡಿತವೇ, ಅಂದರೆ ಕಂಪ್ರೆಷನ್ನೇ ಸಾಲದು. ತಣ್ಣಗಿದ್ದಾಗ ಸ್ವಲ್ಪ ಕೆಲಸ ಮಾಡಿ ಬಿಸಿಯಾದ ಮೇಲೆ ಬಿಟ್ಟುಬಿಡುತ್ತೆ ಅಂದಿದ್ದೀರಲ್ಲ, ಅದೇ ಸುಳಿವು. ನಿಮ್ಮದು ಸ್ಕ್ರೂ ತಿರುಗಿಸಿ ಸೆಟ್ ಮಾಡೋ ಟ್ಯಾಪೆಟ್ ಆಗಿದ್ದರೆ (ಕವರ್ ತೆಗೆದರೆ ಗೊತ್ತಾಗುತ್ತೆ), ಎಕ್ಸಾಸ್ಟ್ ವಾಲ್ವ್ ಗ್ಯಾಪ್ (ವಾಲ್ವ್ ಒತ್ತೋ ರಾಕರ್‌ಗೂ ವಾಲ್ವ್ ಕಡ್ಡಿಯ ತುದಿಗೂ ನಡುವಿನ ಸಂದು) ಮುಚ್ಚಿಹೋಗಿರುತ್ತೆ. ವಾಲ್ವ್ ಮತ್ತು ಅದು ಕೂರೋ ಸೀಟ್ ಸವೆದ ಹಾಗೆಲ್ಲ ವಾಲ್ವ್ ಸಿಲಿಂಡರ್ ಹೆಡ್‌ನೊಳಕ್ಕೆ ಇಳಿಯುತ್ತೆ, ಕಡ್ಡಿಯ ತುದಿ ಮೇಲೆ ಬರುತ್ತೆ, ಗ್ಯಾಪ್ ಕಮ್ಮಿಯಾಗುತ್ತೆ. ಜನ ಅಂದುಕೊಳ್ಳೋದು ಉಲ್ಟಾ: ಸವೆದರೆ ಗ್ಯಾಪ್ ಹೆಚ್ಚಾಗಿ ಟಕ ಟಕ ಶಬ್ದ ಬರುತ್ತೆ ಅಂತ. ಗ್ಯಾಪ್ ಮುಚ್ಚೋ ಕಾಯಿಲೆಗೆ ಶಬ್ದವೇ ಇಲ್ಲ, ಇಂಜಿನ್ ಮೊದಲಿಗಿಂತ ಮೌನವಾಗುತ್ತೆ. ಬಿಸಿಯಾದಾಗ ವಾಲ್ವ್ ಕಡ್ಡಿ ಉದ್ದವಾಗಿ, ಇದ್ದ ಚೂರು ಗ್ಯಾಪೂ ಹೋಗಿ, ವಾಲ್ವ್ ಸೀಟ್ ಮೇಲೆ ಪೂರ್ತಿ ಕೂರಲ್ಲ. ಎಲ್‌ಪಿಜಿ ಒಣ ಇಂಧನ, ಅದಕ್ಕೆ ಮಾಡದ ಸೀಟ್‌ಗಳು ಅದರಲ್ಲಿ ಬೇಗ ಸವೆಯುತ್ತವೆ. ಗ್ಯಾಸ್ ಬಗ್ಗೆ ಕೇಳಿದ್ದು ಇದಕ್ಕೇ.

2000 ದಾಟಿದರೆ ಯಾಕೆ ಸರಿಯಾಗುತ್ತೆ? ಲೆಕ್ಕ ಹಾಕಿ. 750 ಆರ್‌ಪಿಎಂನಲ್ಲಿ ಒಂದು ಕಂಪ್ರೆಷನ್ ಸ್ಟ್ರೋಕ್‌ಗೆ 0.04 ಸೆಕೆಂಡ್ ಸಿಗುತ್ತೆ. 2500ರಲ್ಲಿ 0.012. ಸೋರೋಕೆ ಸಮಯವೇ ಮೂರು ಪಟ್ಟು ಕಮ್ಮಿ. ತೂತಿರೋ ಬಕೆಟ್‌ಗೆ ನಲ್ಲಿ ಸಣ್ಣಗೆ ಬಿಟ್ಟರೆ ತುಂಬಲ್ಲ, ಜೋರಾಗಿ ಬಿಟ್ಟರೆ ತುಂಬುತ್ತೆ, ಅಷ್ಟೇ. ಮೇಲಾಗಿ ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿರೋದರಿಂದ ಒಳಗೆ ಬರೋ ಗಾಳಿಯೇ ಕಮ್ಮಿ, ಅದರಲ್ಲೂ ಸೋರಿದರೆ ಉರಿಯೋಕೆ ಏನೂ ಉಳಿಯಲ್ಲ.

ಕಂಪ್ರೆಷನ್ ಗೇಜ್ ಒಂದು ಯಾರ ಹತ್ತಿರವಾದರೂ ಇಸ್ಕೊಳ್ಳಿ. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆಯಿರಿ, ಕಾಯಿಲ್ ಕನೆಕ್ಟರ್ ತೆಗೆಯಿರಿ. ಪ್ಲಗ್ ನಾಲ್ಕೂ ಬಿಚ್ಚಿ, ಒಂದಲ್ಲ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಬೇಕು, ಮುಳ್ಳು ಏರೋದು ನಿಲ್ಲೋ ತನಕ. ಥ್ರಾಟಲ್ ಮುಚ್ಚಿಟ್ಟು ಅಳೆದರೆ ನಾಲ್ಕೂ ಕಡಿಮೆ ತೋರಿಸಿ ಭಯ ಬೀಳ್ತೀರ. ಬ್ಯಾಟರಿ ಫುಲ್ ಚಾರ್ಜ್ ಇರಲಿ, ಸೆಲ್ಫ್ ನಿಧಾನವಾದರೆ ಅಂಕಿ ಸುಳ್ಳು ಹೇಳುತ್ತೆ. ಆರೋಗ್ಯದ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ ಕೊಡುತ್ತೆ. ನಾಲ್ಕರ ನಡುವೆ ವ್ಯತ್ಯಾಸ 10–15 ಶೇಕಡಾ ದಾಟಬಾರದು.

3ರಲ್ಲಿ ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜೋರಾಗಿ ಏರಿದರೆ ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಇದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು.

ಗೇಜ್ ಸಿಗೋ ತನಕ ಒಂದು ಹಳೇ ಪರೀಕ್ಷೆ. ತೆಳು ಕಾಗದ ಸೈಲೆನ್ಸರ್ ಬಾಯಿ ಮುಂದೆ ಸಡಿಲವಾಗಿ ಹಿಡಿಯಿರಿ. ಹೊರಕ್ಕೆ ಹಾರಾಡುತ್ತಾ ನಡುನಡುವೆ ಒಳಕ್ಕೆ ಎಳೆದು ಅಂಟಿಕೊಂಡರೆ ಎಕ್ಸಾಸ್ಟ್ ವಾಲ್ವ್ ಮೇಲೆ ಅನುಮಾನ. ಇದು ಸಾಕ್ಷಿ ಅಲ್ಲ, ಸುಳಿವು ಮಾತ್ರ. ಬಾಗಿಲು ಕಿಟಕಿ ಮುಚ್ಚಿದ ಶೆಡ್‌ನಲ್ಲಿ ಮಾತ್ರ ಮಾಡಬೇಡಿ, ಆ ಹೊಗೆ ಆಳನ್ನೇ ತೆಗೆಯುತ್ತೆ.

ಫುಲ್ ಥ್ರಾಟಲ್:

ಕಾಗದ ಎಳೀತು ಅಂದರೆ ನಾನು ಕಾಯಿಲ್ ಮಾತು ವಾಪಸ್ ತಗೋತೀನಿ 😀

ಸ್ಟೆಪ್ನಿ:

ಎಳೀತು. ವಾಪಸ್ ತಗೊಳ್ಳಿ.

ಗೇಜ್ ಸಿಕ್ಕಿತು. ಬಿಸಿ ಇಂಜಿನ್, ಥ್ರಾಟಲ್ ಪೂರ್ತಿ ತೆರೆದು: ಒಂದನೇದು 172, ಎರಡು 168, ಮೂರು 118, ನಾಲ್ಕು 170. ಮೂರಕ್ಕೆ ಆಯಿಲ್ ಬಿಟ್ಟ ಮೇಲೆ 122. ಅಂದರೆ ರಿಂಗ್ ಅಲ್ಲ.

ಟ್ಯಾಪೆಟ್ ಕವರ್ ತೆಗೆದೆ, ಸ್ಕ್ರೂ ಮತ್ತು ಲಾಕ್ ನಟ್ ಇರೋ ಥರದ್ದೇ. ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಫೀಲರ್ ಗೇಜ್ ಹಾಕಿದೆ. ಮೂರನೇ ಸಿಲಿಂಡರ್ ಎಕ್ಸಾಸ್ಟ್‌ಗೆ 0.05 ಮಿಲಿಮೀಟರ್ ಬ್ಲೇಡ್ ಕೂಡ ಹೋಗಲ್ಲ! ಮಿಕ್ಕ ಎಕ್ಸಾಸ್ಟ್‌ಗಳೂ ಬಿಗಿಯೇ, ಮ್ಯಾನ್ಯುಯಲ್‌ನಲ್ಲಿ ಹೇಳಿರೋದಕ್ಕಿಂತ ಕಮ್ಮಿ. ಇಂಟೇಕ್ ಎಲ್ಲ ಪರವಾಗಿಲ್ಲ.

ಸೆಟ್ ಮಾಡೋಕೆ ಮುಂಚೆ ಕೇಳ್ತಿದ್ದೇನೆ. ವಾಲ್ವ್ ಈಗಾಗಲೇ ಸುಟ್ಟಿದ್ದರೆ ಸುಮ್ಮನೆ ಗ್ಯಾಪ್ ಕೊಟ್ಟು ಏನು ಪ್ರಯೋಜನ? ನೇರ ಹೆಡ್ ಇಳಿಸಿಬಿಡಲಾ?

ಗ್ರೀಸ್ ಕೈ:

ಇಳಿಸಬೇಡಿ. ಮೊದಲು ಗ್ಯಾಪ್ ಕೊಡಿ. ಹೆಡ್ ಇಳಿಸೋದು ದೊಡ್ಡ ಕೆಲಸ, ಗ್ಯಾಪ್ ಕೊಟ್ಟು ನೋಡಿದರೆ ಕಳೆದುಕೊಳ್ಳೋದು ಏನೂ ಇಲ್ಲ.

ಪ್ಲಗ್ ಬಿಚ್ಚಿಟ್ಟೇ ಮಾಡಿ, ಕೈಯಲ್ಲಿ ತಿರುಗಿಸೋಕೆ ಸುಲಭ. ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಇಂಜಿನ್ ತಿರುಗೋ ದಿಕ್ಕಿನಲ್ಲೇ ತಿರುಗಿಸಿ, ಹಿಂದಕ್ಕೆ ಬೇಡ. ಸೆಟ್ ಮಾಡೋ ಸಿಲಿಂಡರ್ ಕಂಪ್ರೆಷನ್‌ನ ತುತ್ತತುದಿಯಲ್ಲಿರಬೇಕು, ಎರಡೂ ರಾಕರ್ ಸಡಿಲವಾಗಿ, ಕ್ಯಾಮ್‌ನ ಉಬ್ಬು ದೂರ ಇರಬೇಕು. ಅಂಕಿ ಮ್ಯಾನ್ಯುಯಲ್‌ನಿಂದಲೇ ತಗೊಳ್ಳಿ, ಯಾರೋ ಹೇಳಿದ್ದಲ್ಲ, ನಾನು ಹೇಳಿದ್ದೂ ಅಲ್ಲ. ತಣ್ಣಗಿನ ಅಂಕಿಯಾ, ಬಿಸಿಯ ಅಂಕಿಯಾ ಅಂತ ಎರಡು ಸಲ ಓದಿ. ಬ್ಲೇಡ್ ಎಳೆದಾಗ ಸ್ವಲ್ಪ ಹಿಡಿದ ಹಾಗೆ ಬರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗಿಬಿಡುತ್ತೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಹೆಚ್ಚು ಜನ ಬಿಡೋದು ಇದನ್ನೇ.

ಮುಗಿದ ಮೇಲೆ ಕವರ್ ಗ್ಯಾಸ್ಕೆಟ್ ಹೊಸದು ಹಾಕಿ, ಹಳೇದು ಇಷ್ಟೊತ್ತಿಗೆ ಕಲ್ಲಾಗಿರುತ್ತೆ. ಇಂಜಿನ್ ಬಿಸಿ ಮಾಡಿ ಮತ್ತೆ ಕಂಪ್ರೆಷನ್ ಅಳೆಯಿರಿ. 3 ಮೇಲೆ ಬಂದರೆ ವಾಲ್ವ್ ಇನ್ನೂ ಕೂರೋ ಸ್ಥಿತಿಯಲ್ಲಿದೆ. 118ರಲ್ಲೇ ನಿಂತರೆ ಅಂಚು ಸುಟ್ಟಿದೆ. ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಸೀಟ್‌ಗೆ ತಾಗಿಕೊಂಡಿದ್ದಾಗಲೇ ಕಳೆದುಕೊಳ್ಳೋದು, ತಾಗದಿದ್ದರೆ ಸುಡುತ್ತೆ. ಆಗ ಹೆಡ್ ಇಳಿಸಿ, ಅಲ್ಲಿ ವಾಲ್ವ್ ಗ್ರೈಂಡಿಂಗ್ ಅಷ್ಟೇ ಅಲ್ಲ, ಸೀಟೂ ನೋಡಿಸಬೇಕು. ಹೆಡ್ ಇಳಿಸೋಕೆ ಮುಂಚೆ ಖಾತ್ರಿ ಬೇಕಿದ್ದರೆ ಮೂರನೇದನ್ನು ತುತ್ತತುದಿಗೆ ತಂದು, ಗಾಡಿ ಗೇರ್‌ನಲ್ಲಿಟ್ಟು, ಪ್ಲಗ್ ತೂತಿನಿಂದ ಗಾಳಿ ಒತ್ತಿ. ಸೈಲೆನ್ಸರ್‌ನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಿ ಅಂದರೆ ಇಂಟೇಕ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಅಂದರೆ ಗ್ಯಾಸ್ಕೆಟ್.

ಸ್ಟೆಪ್ನಿ:

ಗ್ಯಾಪ್ ಕೊಟ್ಟೆ, ಎಂಟೂ ವಾಲ್ವ್‌ಗೆ. ಸ್ಟಾರ್ಟ್ ಮಾಡಿದಾಗ ಮೊದಲಿಗಿಂತ ಸ್ವಲ್ಪ ಟಿಕ್ ಟಿಕ್ ಶಬ್ದ ಇದೆ, ಅದು ಇರಲಿ ಅಂತ ಅಂದುಕೊಂಡೆ. ಬಿಸಿಯಾಗಿ ಫ್ಯಾನ್ ತಿರುಗೋ ತನಕ ಬಿಟ್ಟೆ. ಐಡ್ಲಿಂಗ್ ಅಲ್ಲಾಡದೆ ಸ್ಥಿರವಾಗಿ ನಿಂತಿತು. ಎಸಿ ಹಾಕಿದರೂ ನಿಂತಿತು. ಇಂಜೆಕ್ಟರ್ 3 ಕಿತ್ತರೆ ಈಗ ಮಿಕ್ಕವುಗಳ ಹಾಗೇ ಕುಸಿಯುತ್ತೆ.

ಕಂಪ್ರೆಷನ್ ಮೂರು ಈಗ 158. ಮಿಕ್ಕವು ಹೆಚ್ಚುಕಮ್ಮಿ ಮೊದಲಿನಷ್ಟೇ. ಕೋಡ್ ಅಳಿಸಿ ಓಡಿಸ್ತಿದ್ದೇನೆ, ವಾಪಸ್ ಬಂದಿಲ್ಲ. ಟ್ರಿಮ್ ಐಡ್ಲಿಂಗ್‌ನಲ್ಲಿ +2ಕ್ಕೆ ಇಳಿದಿದೆ. ಹೊಗೆಕೊಳವೆಯವರೇ, ಆ ಮುಚ್ಚಿದ ತೂತನ್ನೂ ನೋಡಿದೆ, ಗಟ್ಟಿಯಾಗೇ ಇದೆ.

ಹೊಗೆಕೊಳವೆ:

ಒಪ್ಪಿದೆ. ಮಿಸ್‌ನಿಂದ ಟ್ರಿಮ್ ಏರೋ ವಿಷಯ ನನಗೂ ಉಪಯೋಗಕ್ಕೆ ಬಂತು. ಮುಂದೆ ಮಿಸ್ ಕೋಡ್ ಇದ್ದಾಗ ಬರೀ ಟ್ರಿಮ್ ನೋಡಿ ಮಾತಾಡಲ್ಲ.

ಗ್ರೀಸ್ ಕೈ:

158 ಚೆನ್ನಾಗಿದೆ. 170 ಆಗದಿದ್ದರೆ ಬೇಜಾರಾಗಬೇಡಿ, ಅಂಚು ಸ್ವಲ್ಪ ತಿಂದಿರಬಹುದು, ಓಡಿದ ಹಾಗೆ ಇನ್ನೊಂದಿಷ್ಟು ಕೂರಲೂಬಹುದು. 5000 ಕಿಲೋಮೀಟರ್ ಆದ ಮೇಲೆ ಅದೇ ಮೂರರ ಎಕ್ಸಾಸ್ಟ್ ಗ್ಯಾಪ್ ಮತ್ತೆ ಅಳೆದು ಬರೆದಿಡಿ. ಅಷ್ಟರಲ್ಲೇ ಮತ್ತೆ ಮುಚ್ಚಿದ್ದರೆ ಸೀಟ್ ಕುಸೀತಾ ಇದೆ ಅಂತ ಅರ್ಥ, ಆಗ ಹೆಡ್ ಕೆಲಸಕ್ಕೆ ತಯಾರಾಗಿ. ಟಿಕ್ ಟಿಕ್ ಇರಲಿ, ಸ್ಕ್ರೂ ಟ್ಯಾಪೆಟ್ ಇಂಜಿನ್‌ಗೆ ಅಷ್ಟು ಶಬ್ದ ಇರಲೇಬೇಕು.

ಫುಲ್ ಥ್ರಾಟಲ್:

ನನ್ನ ಗಾಡಿಯಲ್ಲಿ ಹೈಡ್ರಾಲಿಕ್ ಟ್ಯಾಪೆಟ್. ಅದರಲ್ಲಿ ಗ್ಯಾಪ್ ಕೊಡೋ ಹಾಗೇ ಇಲ್ಲ. ಹಾಗಾದರೆ ಈ ಕಾಯಿಲೆ ನನಗೆ ಬರಲ್ವಾ?

ಗ್ರೀಸ್ ಕೈ:

ಸೀಟ್ ಸವೆದರೂ ಅದು ತಾನೇ ಆಯಿಲ್ ಒತ್ತಡದಿಂದ ಸರಿಮಾಡಿಕೊಳ್ಳುತ್ತೆ, ಒಂದು ಮಿತಿಯವರೆಗೆ. ಆದರೆ ಟ್ಯಾಪೆಟ್ ಒಳಗೆ ಕೊಳೆ ಸೇರಿ ಉಬ್ಬಿಕೊಂಡೇ ಸಿಕ್ಕಿಹಾಕಿಕೊಂಡರೆ ವಾಲ್ವ್ ಇದೇ ರೀತಿ ತೆರೆದು ನಿಲ್ಲುತ್ತೆ, ಲಕ್ಷಣವೂ ಇದೇ. ಅಲ್ಲಿ ಮೊದಲು ಆಯಿಲ್ ಯಾವ ಗ್ರೇಡ್, ಯಾವಾಗ ಬದಲಾಯಿಸಿದ್ದು ನೋಡಬೇಕು. ನಿಮ್ಮದು ಮಿಸ್ ಹೊಡೀತಿದ್ದರೆ ಬೇರೆ ಪ್ರಶ್ನೆ ಹಾಕಿ, ಕೋಡ್ ಮತ್ತು ಕಂಪ್ರೆಷನ್ ಅಂಕಿ ಜೊತೆಗೇ ಹಾಕಿ.